ಪೇಪರ್ ಒಪ್ಪಿಗೆಯಾದ ದಿನವೇ ಫೈಲ್ ಕಳಿಸಿ ಸರ್

ನಾನು ಬೆಂಗಳೂರಿನ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಲೈಬ್ರರಿಯನ್. ನಮ್ಮ ಪ್ರಾಜೆಕ್ಟ್‌ಗಳಿಗೆ ದುಡ್ಡು ಬರುವುದು ಹೆಚ್ಚಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆಗಳಿಂದ. ಈ ಎರಡೂ ಸೇರಿ 2014ರ ಡಿಸೆಂಬರ್‌ನಲ್ಲೇ ಒಂದು ಮುಕ್ತ ಪ್ರವೇಶ ನೀತಿ ಹೊರಡಿಸಿವೆ. ಜನರ ದುಡ್ಡಿನಲ್ಲಿ ನಡೆದ ಸಂಶೋಧನೆ ಜನರಿಗೆ ಪುಕ್ಕಟೆ ಓದಲು ಸಿಗಬೇಕು, ಅದಕ್ಕಾಗಿ ಪೇಪರಿನ, ಅಂದರೆ ಸಂಶೋಧನಾ ಲೇಖನದ, ಜರ್ನಲ್ ಒಪ್ಪಿಕೊಂಡ ಕೊನೇ ಕರಡನ್ನು ಸ್ವಲ್ಪ ದಿನದಲ್ಲೇ ರೆಪಾಸಿಟರಿಗೆ, ಅಂದರೆ ಪೇಪರ್‌ಗಳನ್ನು ಕೂಡಿಡುವ ಆನ್‌ಲೈನ್ ಭಂಡಾರಕ್ಕೆ, ಹಾಕಬೇಕು ಎನ್ನುತ್ತದೆ ಅದು. ಇಷ್ಟು ದಿನ ತೆರೆಯಬೇಡಿ ಎಂದು ಪಬ್ಲಿಷರ್ ತಡೆ ಹಾಕಿದರೂ ಅದು ಒಂದು ವರ್ಷ ಮೀರಬಾರದು.

ಓದಲು ಎಷ್ಟು ಸಲೀಸು, ಅಲ್ವಾ? ಕಷ್ಟವೆಲ್ಲ ಇರುವುದು ಆ ‘ಕೊನೇ ಕರಡು’ ಎಂಬ ಫೈಲ್ ಕೈಗೆ ಬರುವುದರಲ್ಲಿ.

ಒಂದು ಪೇಪರಿಗೆ ಮೂರು ರೂಪ ಇರುತ್ತವೆ. ಜರ್ನಲ್‌ಗೆ ಮೊದಲು ಕಳಿಸಿದ್ದು ಒಂದು. ಪೇಪರನ್ನು ಪರಿಶೀಲಿಸುವ ರೆಫರಿಗಳು ಹೇಳಿದ್ದನ್ನೆಲ್ಲ ತಿದ್ದಿ, ಸಂಪಾದಕರು ಒಪ್ಪಿದ್ದು ಇನ್ನೊಂದು. ಪಬ್ಲಿಷರ್ ಪುಟ ಕಟ್ಟಿ, ಲೋಗೊ ಹಾಕಿ ಹೊರತರುವ ಪಿಡಿಎಫ್ ಮೂರನೆಯದು. ನಮಗೆ ಬೇಕಿರುವುದು ನಡುವಿನದು. ಅದರಲ್ಲಿರುವ ವಿಷಯಕ್ಕೂ ಮೂರನೆಯದಕ್ಕೂ ಅಂಥ ವ್ಯತ್ಯಾಸ ಇರುವುದಿಲ್ಲ. ಹಕ್ಕಿನ ವಿಚಾರದಲ್ಲಿ ಮಾತ್ರ ಬೇರೆ. ಮೂರನೆಯದನ್ನು ಹಾಕಿದರೆ ತೆಗೆಯಿರಿ ಅಂತ ನೋಟಿಸ್ ಬರಬಹುದು. ಆದರೆ ಪ್ರೊಫೆಸರ್‌ಗಳು ಕಳಿಸುವುದು ಯಾವಾಗಲೂ ಮೂರನೆಯದನ್ನೇ. ಅವರ ಹತ್ತಿರ ಇರುವುದೇ ಅದು. ತಿದ್ದಿದ ವರ್ಡ್ ಫೈಲ್ ಇರುವುದು ಪಿಎಚ್‌.ಡಿ. ವಿದ್ಯಾರ್ಥಿಯ ಲ್ಯಾಪ್‌ಟಾಪ್‌ನಲ್ಲಿ. ವರ್ಷದ ಕೊನೆಗೆ ನಾವು ಪಟ್ಟಿ ಹಿಡಿದು ಹೋಗುವ ಹೊತ್ತಿಗೆ ಆ ಹುಡುಗ ಪೋಸ್ಟ್‌ಡಾಕ್‌ಗೆ ಜರ್ಮನಿ ಸೇರಿರುತ್ತಾನೆ.

ಹಾಗಾಗಿ ವರ್ಷದ ಕೊನೆಗೆ ಕೇಳುವುದನ್ನೇ ಬಿಟ್ಟೆವು. ಜರ್ನಲ್‌ನಿಂದ ‘ಒಪ್ಪಿದ್ದೇವೆ’ ಎಂಬ ಇಮೇಲ್ ಬಂದ ದಿನ ಎಲ್ಲರೂ ಖುಷಿಯಲ್ಲಿರುತ್ತಾರೆ, ಫೈಲ್ ಕಣ್ಣೆದುರೇ ಇರುತ್ತದೆ. ಅವತ್ತೇ ಆ ಇಮೇಲನ್ನು ಫೈಲ್ ಸಮೇತ ಲೈಬ್ರರಿಗೆ ಫಾರ್ವರ್ಡ್ ಮಾಡಿ, ಅಷ್ಟು ಸಾಕು ಎಂದೆವು. ಫಾರ್ಮ್ ತುಂಬುವುದು ಬೇಡ, ಲಾಗಿನ್ ಬೇಡ. ಶೀರ್ಷಿಕೆ, ಲೇಖಕರು, ಗ್ರ್ಯಾಂಟ್ ನಂಬರ್ ಎಲ್ಲ ನಾವೇ ಹಾಕುತ್ತೇವೆ. ನಾವು ಬಳಸುವುದು ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇಪ್ರಿಂಟ್ಸ್ ಎಂಬ ಉಚಿತ ತಂತ್ರಾಂಶ. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇದನ್ನು ಹಿಡಿದು ತನ್ನ ರೆಪಾಸಿಟರಿ ಕಟ್ಟಿತು. ಆದ್ದರಿಂದ ಗೊತ್ತಿಲ್ಲದ್ದನ್ನು ಕೇಳಲು ದೂರ ಹೋಗಬೇಕಿರಲಿಲ್ಲ.

ಇಷ್ಟಾದರೂ ಎಲ್ಲರೂ ಕಳಿಸಲಿಲ್ಲ. ಆಗ ನೆನಪಾದದ್ದು ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯ. ಅಲ್ಲಿನ ರೆಕ್ಟರ್, ಅಂದರೆ ಮುಖ್ಯಸ್ಥ, ಆಗಿದ್ದ ಬರ್ನಾರ್ ರಾಂಟಿಯೆ ಒಂದು ನಿಯಮ ತಂದರು: ಬಡ್ತಿಯ ಅರ್ಜಿ ನೋಡುವಾಗ ರೆಪಾಸಿಟರಿಯಲ್ಲಿ ಇರುವ ಪೇಪರ್ ಮಾತ್ರ ಲೆಕ್ಕಕ್ಕೆ. ಅಷ್ಟು ಗಟ್ಟಿ ನಿಯಮ ನಮ್ಮಲ್ಲಿ ನಡೆಯುವಂಥದ್ದಲ್ಲ. ನಮ್ಮ ನಿರ್ದೇಶಕರನ್ನು ಒಪ್ಪಿಸಲು ಆದದ್ದು ಇಷ್ಟೇ: ವಾರ್ಷಿಕ ವರದಿಯ ಪೇಪರ್ ಪಟ್ಟಿ ಇನ್ನು ಮುಂದೆ ರೆಪಾಸಿಟರಿಯಿಂದಲೇ ಇಳಿಯುತ್ತದೆ, ಬೇರೆ ಕಡೆಯಿಂದ ಸೇರಿಸುವುದಿಲ್ಲ. ಸುತ್ತೋಲೆ, ತರಬೇತಿ, ಅಕ್ಟೋಬರ್‌ನ ಮುಕ್ತ ಪ್ರವೇಶ ಸಪ್ತಾಹದ ಭಾಷಣ ಯಾವುದೂ ಮಾಡದ್ದನ್ನು ಈ ಒಂದು ಸಾಲು ಮಾಡಿತು. ವರದಿಯಲ್ಲಿ ತಮ್ಮ ಹೆಸರು ಕಾಣದಿದ್ದರೆ ಯಾವ ವಿಜ್ಞಾನಿ ಸುಮ್ನೆ ಇರುತ್ತಾರೆ ಹೇಳಿ.

ಫೈಲ್ ಬಂದ ಮೇಲೆ ಕೆಲಸ ಸಣ್ಣದು. ಬ್ರಿಟನ್ನಿನ ಜಿಸ್ಕ್ ಸಂಸ್ಥೆ ಶೆರ್ಪಾ ರೋಮಿಯೋ ಹೆಸರಿನಲ್ಲಿ ಬೆಳೆಸಿದ ಪಟ್ಟಿಯಲ್ಲಿ ಆ ಜರ್ನಲ್‌ನ ಷರತ್ತು ನೋಡುತ್ತೇವೆ. ತಡೆ ಇದ್ದರೆ ಫೈಲನ್ನು ಮುಚ್ಚಿಟ್ಟು, ತೆರೆಯುವ ದಿನಾಂಕ ಹಾಕಿಡುತ್ತೇವೆ. ಅಲ್ಲಿಯವರೆಗೆ ಸಾರಾಂಶ ಕಾಣುತ್ತದೆ, ಪಕ್ಕದಲ್ಲಿ ಪ್ರತಿ ಕೇಳುವ ಗುಂಡಿ ಇರುತ್ತದೆ. ಯಾರಾದರೂ ಒತ್ತಿದರೆ ಲೇಖಕರಿಗೆ ಇಮೇಲ್ ಹೋಗುತ್ತದೆ. ಅವರು ಹೂಂ ಅಂದರೆ ಪ್ರತಿ ಸಿಕ್ಕಿತು.

ಈಚೆಗೆ ಬೇರೆಯೇ ಪ್ರಶ್ನೆ ಶುರುವಾಗಿದೆ. “ಮೇಡಂ, ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಂತಲ್ಲ, ಎಲ್ಲಾ ಜರ್ನಲ್ ಸಿಗುತ್ತೆ. ಇನ್ನು ಇದೆಲ್ಲ ಯಾಕೆ?” ಜರ್ನಲ್‌ಗಳಿಗೆ ಕೇಂದ್ರ ಸರ್ಕಾರವೇ ಒಟ್ಟಿಗೆ ಚಂದಾ ಕಟ್ಟುವ ಈ ಯೋಜನೆ ದೊಡ್ಡದೇ. 2024ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪಬ್ಲಿಷರ್‌ಗಳ ಸುಮಾರು 13,000 ಜರ್ನಲ್. ನಮ್ಮ ಲೈಬ್ರರಿಗೂ ಅದರಿಂದ ಉಪಕಾರ ಆಗಿದೆ, ಇಲ್ಲ ಅನ್ನಲಾರೆ. ಆದರೆ ಅದು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಒಳಗಿರುವವರಿಗೆ ಮಾತ್ರ. ತಾಲ್ಲೂಕಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟ ಡಾಕ್ಟರು, ನಿವೃತ್ತ ಮೇಷ್ಟ್ರು, ಪತ್ರಕರ್ತರು, ಸಣ್ಣ ಕಂಪನಿಯ ಇಂಜಿನಿಯರ್ ಇವರೆಲ್ಲ ಹೊರಗೇ. ಚಂದಾ ಎಂದರೆ ನಾವು ಬೇರೆಯವರದನ್ನು ಓದುವುದು. ನಾವು ಬರೆದದ್ದು ಉಳಿದವರಿಗೆ ಸಿಗುವುದು ಬೇರೆ ವಿಷಯ. ಪಬ್ಲಿಷರ್‌ಗೆ ದುಡ್ಡು ಕೊಟ್ಟೇ ನಮ್ಮ ಪೇಪರನ್ನು ಮುಕ್ತ ಮಾಡೋಣ ಎಂದರೆ, 2021ರಲ್ಲಿ ‘ನೇಚರ್’ ಒಂದು ಪೇಪರಿಗೆ ಇಟ್ಟ ದರವೇ 9,500 ಯೂರೊ! ರೆಪಾಸಿಟರಿಯಲ್ಲಿ ಲೇಖಕರಿಗೆ ಅಂಥ ಖರ್ಚಿಲ್ಲ.

ನನಗೆ ಇನ್ನೂ ತಲೆನೋವಾಗಿರುವುದು ಆ ತಡೆಯ ತಿಂಗಳುಗಳು. ಕೆಲವು ಜರ್ನಲ್‌ಗಳ ಷರತ್ತು ನೀತಿಯಲ್ಲಿರುವ ಒಂದು ವರ್ಷವನ್ನೂ ದಾಟುತ್ತದೆ. ಲೇಖಕರು ಸಹಿ ಹಾಕಿದ್ದು ಪಬ್ಲಿಷರ್‌ನ ಒಪ್ಪಂದಕ್ಕೆ, ಹಾಗಾಗಿ ನಾನು ಹಾಕುವುದೂ ಆ ದಿನಾಂಕವನ್ನೇ. ಈ ಜಗಳ ಲೈಬ್ರರಿಯಿಂದ ಬಗೆಹರಿಯುವಂಥದ್ದಲ್ಲ. ಗ್ರ್ಯಾಂಟ್ ಕೊಡುವವರೇ ಗಟ್ಟಿಯಾಗಿ ಹೇಳಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೂ ಮೊದಲು 12 ತಿಂಗಳ ಅವಕಾಶ ಬಿಟ್ಟಿತ್ತು. 2025ರ ಜುಲೈ 1ರಿಂದ ಒಪ್ಪಿಗೆಯಾದ ಪೇಪರ್‌ಗಳಿಗೆ ಅದು ಸೊನ್ನೆ. ಪ್ರಕಟವಾದ ದಿನವೇ ಪಬ್‌ಮೆಡ್ ಸೆಂಟ್ರಲ್ ಎಂಬ ಅವರ ಉಚಿತ ರೆಪಾಸಿಟರಿಯಲ್ಲಿ ಸಿಗಬೇಕು. ಅವರ ದುಡ್ಡಿನ ಪೇಪರ್ ಅದೇ ದಿನ ತೆರೆದಿರುತ್ತದೆ. ಅದೇ ಜರ್ನಲ್‌ನಲ್ಲಿ ಬಂದ ನಮ್ಮ ದುಡ್ಡಿನ ಪೇಪರಿಗೆ ನಾನು ಮುಂದಿನ ವರ್ಷದ ದಿನಾಂಕ ಹಾಕುತ್ತೇನೆ.