ಕಟ್ ಆಗುವಾಗ ಅವಳ ಕೈಯಲ್ಲೇನಿತ್ತು? ಸಿನಿಮಾದ ದುಡಿಮೆಗೆ ಗಡಿಯಾರ ಹಿಡಿದ ನಮ್ಮ ಅನುಭವ

ಹುಬ್ಬಳ್ಳಿ ಕಡೆ ಕೆಲಸ ಹೋದ ಗಂಡಸಿಗೆ ‘ಖಾಲಿ ಅದಾನ’ ಅಂತಾರೆ. ಕೆಲಸ ಹೋದ ಹೆಣ್ಣಿಗೆ ‘ಮನ್ಯಾಗ ಅದಾಳ’ ಅಂತಾರೆ. ಅವನು ನಿರುದ್ಯೋಗಿ, ಅವಳು ಗೃಹಿಣಿ. ಸಿನಿಮಾವೂ ಬಹುತೇಕ ಹೀಗೇ ಮಾತಾಡುತ್ತದೆ. ಅದನ್ನು ಬರೀ ಚರ್ಚೆಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ‘ಕಥಿಗೆ ಬೇಕಾದಷ್ಟ ತೋರ್ಸ್ಯಾರ ಬಿಡ್ರಿ’ ಎಂದು ಎದ್ದು ಹೋಗುತ್ತಾರೆ. ಅದಕ್ಕೇ, ಹೆಂಗಸರನ್ನು ಕೂರಿಸಿ ಸಿನಿಮಾ ತೋರಿಸುವ ನಾವು, ಪರದೆಯ ಮೇಲೆ ಯಾರ ಯಾವ ಕೆಲಸಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂದು ಗಡಿಯಾರ ಹಿಡಿದು ಲೆಕ್ಕ ಹಾಕುವ ಪದ್ಧತಿಗೆ ಬಂದೆವು.

ಗುಂಪು 12ರಿಂದ 16 ಜನರದ್ದಿರಲಿ. ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲಿನವರು ಸುಮ್ಮನಾಗುತ್ತಾರೆ. ಕಾಲೇಜು ಹುಡುಗಿಯರಷ್ಟೇ ಇದ್ದರೆ ಲೆಕ್ಕ ಚೊಕ್ಕಟವಾಗಿರುತ್ತದೆ, ಆದರೆ ತಪ್ಪಾಗಿರುತ್ತದೆ. ರೊಟ್ಟಿ ಬಡಿದು ಮಾರುವವರು, ಹೊಲಿಗೆಯವರು, ಅಂಗನವಾಡಿಯವರು ಕೂತಾಗಲೇ ‘ಅಷ್ಟ ಹೊತ್ತಿನ್ಯಾಗ ಅದು ಆಗೂದಿಲ್ಲ’ ಎಂಬ ಮಾತು ಬರುವುದು. ಹೊತ್ತು ಮಧ್ಯಾಹ್ನ 2ರಿಂದ 4:30. ನಳ ಬರುವ ದಿನ ಪ್ರದರ್ಶನ ಇಡಲೇಬೇಡಿ, ಅವಳಿ ನಗರದಲ್ಲಿ ಆ ದಿನ ಕೊಡ ಬಿಟ್ಟು ಯಾರೂ ಏಳುವುದಿಲ್ಲ. ಬ್ಯಾಡಗಿ ಕಡೆಯಾದರೆ ಮೆಣಸಿನಕಾಯಿ ಸುಗ್ಗಿ ಮುಗಿಯುವ ತನಕ ಕಾಯಬೇಕು. ತೊಟ್ಟು ಬಿಡಿಸುವ ಕೂಲಿ ಬಿಟ್ಟು ಸಿನಿಮಾಕ್ಕೆ ಬಾ ಎನ್ನುವ ಹಕ್ಕು ನಮಗಿಲ್ಲ.

ಸಲಕರಣೆ ಕಡಿಮೆ. 3000 ಲ್ಯೂಮೆನ್ಸ್ ಆಸುಪಾಸಿನ ಪ್ರೊಜೆಕ್ಟರ್, ಬಿಳಿ ಗೋಡೆ ಅಥವಾ ಸುಕ್ಕಿಲ್ಲದ ಚಾದರ, ಬೇರೆಯದೇ ಸ್ಪೀಕರ್, ಇಬ್ಬರಿಗೊಂದರಂತೆ ಮೊಬೈಲ್ ಸ್ಟಾಪ್‌ವಾಚ್, ಒಂದು ದಪ್ಪ ರಟ್ಟು. ರಟ್ಟು ಯಾಕೆಂದು ಆಮೇಲೆ ಹೇಳುತ್ತೇವೆ. ಒಟಿಟಿ ಚಂದಾ ಮನೆಯಲ್ಲಿ ನೋಡಲು ಮಾತ್ರ, ಗುಂಪಿಗೆ ತೋರಿಸಬೇಕಾದರೆ ಹಕ್ಕುದಾರರ ಅನುಮತಿ ಪತ್ರ ಮೊದಲೇ ತರಿಸಿಕೊಳ್ಳಿ. ಇಂಗ್ಲಿಷ್ ಸಬ್‌ಟೈಟಲ್ ಇರುವ ಚಿತ್ರವಾದರೆ ಒಬ್ಬರು ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. ಹೇಳುವವರು ಎಲ್ಲ ಸಂಭಾಷಣೆಯನ್ನೂ ಹೇಳಹೋದರೆ ಅಡಿಗೆಮನೆಯ ಸಪ್ಪಳ ಮುಚ್ಚಿಹೋಗುತ್ತದೆ. ಕಥೆ ತಿಳಿಯುವಷ್ಟು ಸಾಕು.

ಇನ್ನು ಹಾಳೆ. ಎ4 ಅಡ್ಡಲಾಗಿ, ಏಳು ಕಾಲಂ: ಶುರುವಾದ ಹೊತ್ತು, ಮುಗಿದ ಹೊತ್ತು, ಯಾರು, ಏನು ಕೆಲಸ, ಪಗಾರ ಉಂಟೋ ಇಲ್ಲವೋ, ಆಗ ಆ ಕೋಣೆಯಲ್ಲಿ ಸುಮ್ಮನೆ ಕೂತವರು ಯಾರು, ಕೊನೆಯದು ‘ಕಟ್’. ಈ ಕೊನೆಯ ಕಾಲಂ ಸೇರಿಸುವ ಮೊದಲು ನಮ್ಮ ಹಾಳೆಗಳು ಅರ್ಧ ವ್ಯರ್ಥವಾಗಿದ್ದವು. ಅದರಲ್ಲಿ ಮೂರೇ ಗುರುತು. ಕೆಲಸ ಪೂರ್ತಿ ಮುಗಿಯುವುದನ್ನು ಕ್ಯಾಮೆರಾ ತೋರಿಸಿದರೆ ‘ಪೂ’. ನಡುವೆ ಕತ್ತರಿಸಿದರೆ ‘ನ’. ಕೆಲಸವೇ ಇಲ್ಲದೆ ಬರೀ ಫಲ ತೋರಿಸಿದರೆ ‘ಫ’: ಬಿಸಿ ರೊಟ್ಟಿ ತಾಟಿಗೆ ಬಂತು, ಒಗೆದ ಅರಬಿ ಮಡಿಚಿ ಕಪಾಟಿನಲ್ಲಿ ಕೂತಿತು. ಸಾಮಾನ್ಯ ಕೌಟುಂಬಿಕ ಚಿತ್ರದ 20 ನಿಮಿಷದ ತುಂಡನ್ನು ಹೀಗೆ ಗುರುತು ಹಾಕಿ ನೋಡಿ. ‘ಫ’ ಸಾಲುಸಾಲಾಗಿ ಬರುತ್ತದೆ, ‘ಪೂ’ ಹುಡುಕಬೇಕಾಗುತ್ತದೆ. 20 ಜೋಳದ ರೊಟ್ಟಿ ಬಡಿದು ಬೇಯಿಸಲು ಕೈ ಪಳಗಿದವರಿಗೂ ಮುಕ್ಕಾಲು ತಾಸು ಬೇಕು, ಪರದೆಯ ಮೇಲೆ ನಾಲ್ಕು ತಟ್ಟು ಕೇಳಿಸಿ ಊಟ ಶುರುವಾಗುತ್ತದೆ. ಕಥೆಗೆ ಕತ್ತರಿ ಬೇಕೇ ಬೇಕು, ಅದು ನಮಗೂ ಗೊತ್ತು. ಅದೇ ಚಿತ್ರದಲ್ಲಿ ನಾಯಕ ಬೈಕಿನಲ್ಲಿ ಹೋಗುವುದಕ್ಕೆ ಎಷ್ಟು ಸೆಕೆಂಡ್ ಕೊಟ್ಟಿದ್ದಾರೆ ಎಂದು ಪಕ್ಕದಲ್ಲಿ ಬರೆದಿಡಿ, ಸಾಕು.

ಚಿತ್ರವನ್ನು ಮೊದಲ ಸಲ ಹಾಳೆ ಇಲ್ಲದೆ ಪೂರ್ತಿ ನೋಡಿ. ಮೊದಲ ಸಲವೇ ಲೆಕ್ಕಕ್ಕಿಳಿದರೆ ಎಲ್ಲರ ಕಣ್ಣು ಮುಖದ ಮೇಲೆ ಹೋಗುತ್ತದೆ, ಕೈ ತಪ್ಪಿಹೋಗುತ್ತದೆ. ಎರಡನೇ ಸಲ ಆಯ್ದ 20 ನಿಮಿಷ ಮಾತ್ರ, ಇಬ್ಬಿಬ್ಬರ ಜೋಡಿಯಾಗಿ: ಒಬ್ಬರು ಹೊತ್ತು ಹೇಳುವುದು, ಇನ್ನೊಬ್ಬರು ಬರೆಯುವುದು. ಜೋಡಿಗಳ ಲೆಕ್ಕ ತಾಳೆಯಾಗದಿದ್ದರೆ ಸರಾಸರಿ ತೆಗೆಯಬೇಡಿ, ಎಲ್ಲಿ ತಾಳೆಯಾಗಲಿಲ್ಲವೋ ಆ ದೃಶ್ಯವನ್ನು ಮತ್ತೆ ಹಾಕಿ. ಚರ್ಚೆಯ ಜೀವ ಅಲ್ಲೇ ಇರುವುದು.

ಜಗಳ ಹೆಚ್ಚಾಗಿ ಯಾವುದು ಕೆಲಸ ಎಂಬಲ್ಲಿ. ‘ಅಕ್ಕಾರ, ಅದನ್ಯಾಕ ಬರೀತೀರಿ? ಆಕಿ ಖಾಲೀನ ಕುಂತಾಳ, ಅವರಿ ಸುಲಿಯಾಕತ್ತಾಳ ಅಷ್ಟ.’ ಈ ಮಾತು ಆಡುವವರು ಬಹುತೇಕ ದಿನಾ ಅವರೆ ಸುಲಿಯುವವರೇ. ಇದಕ್ಕೆ ಅರ್ಥಶಾಸ್ತ್ರಜ್ಞೆ ಮಾರ್ಗರೆಟ್ ರೀಡ್ 1934ರಲ್ಲಿ ಕೊಟ್ಟ ಒರೆಗಲ್ಲು ಇಂದಿಗೂ ಚೆನ್ನಾಗಿದೆ: ದುಡ್ಡು ಕೊಟ್ಟು ಬೇರೆಯವರ ಕೈಲಿ ಮಾಡಿಸಬಹುದಾದರೆ ಅದು ಕೆಲಸ. ಅವರೆ ಸುಲಿಯುವುದು, ಮುದುಕರ ಮೈ ಒರೆಸುವುದು, ಭಾಂಡೆ ತಿಕ್ಕುವುದು ಎಲ್ಲ ಇದರಲ್ಲಿ ಪಾಸಾಗುತ್ತವೆ. ಸಿಟ್ಟಾದ ಮಾವನನ್ನು ಸಮಾಧಾನ ಮಾಡುವುದು, ಗಂಡನ ಮುಖ ನೋಡಿ ಮಾತು ನುಂಗುವುದು ಪಾಸಾಗುವುದಿಲ್ಲ. ಅದಕ್ಕೆ ‘ಮನಸ್ಸು ಕಾಯುವುದು’ ಎಂದು ಬೇರೆ ಸಾಲು ಇಟ್ಟಿದ್ದೇವೆ, ನಿಮಿಷ ಬರೆಯುವುದಿಲ್ಲ, ಗೀಟು ಮಾತ್ರ. ಕಂಕುಳಲ್ಲಿ ಮಗು, ಒಲೆಯ ಮೇಲೆ ಸಾರು ಎರಡೂ ಇದ್ದರೆ ನಿಮಿಷವನ್ನು ಒಂದಕ್ಕೆ ಮಾತ್ರ ಬರೆದು ಇನ್ನೊಂದಕ್ಕೆ ಟಿಕ್ ಹಾಕಿ. ಎರಡನ್ನೂ ಕೂಡಿಸಿದರೆ ಲೆಕ್ಕ ಚಿತ್ರದ ಅವಧಿಯನ್ನೇ ಮೀರಿಬಿಡುತ್ತದೆ, ವಿರೋಧಿಸುವವರಿಗೆ ಅಷ್ಟೇ ಸಾಕು. ಹಾಡಿನೊಳಗೆ ಬರುವ ಕೆಲಸವನ್ನು ಬೇರೆ ಹಾಳೆಗೆ ಹಾಕಿ.

ರಟ್ಟಿನ ಮಾತು. ಅದೇ 20 ನಿಮಿಷವನ್ನು ಮೂರನೇ ಸಲ ಹಾಕುವಾಗ ಪ್ರೊಜೆಕ್ಟರ್ ಮುಂದೆ ರಟ್ಟು ಹಿಡಿದು ಬರೀ ಕೇಳಿಸಿ. ರಟ್ಟು ಲೆನ್ಸ್‌ನಿಂದ ಒಂದು ಗೇಣು ದೂರವಿರಲಿ, ತೀರ ಹತ್ತಿರ ಹಿಡಿದರೆ ಬಿಸಿಯಾಗುತ್ತದೆ. ಗಂಡಸರು ಹೊರಗೆ ಕೂತು ದೇಶದ ವಿಚಾರ ಮಾತಾಡುವಾಗ ಒಳಗಿನಿಂದ ಕುಕ್ಕರ್ ಸೀಟಿ, ತಾಟಿನ ಸಪ್ಪಳ, ನೀರು ಬಿಟ್ಟ ಸದ್ದು. ಕಣ್ಣಿಗೆ ಬೀಳದ ಹೆಂಗಸು ಇಲ್ಲಿ ಸಿಗುತ್ತಾಳೆ. ಎರಡನೇ ಸಲ ಬರೆದ ಹಾಳೆಯ ಅಂಚಿನಲ್ಲಿ ‘ಸದ್ದು ಮಾತ್ರ’ ಎಂದು ಬರೆಯಿರಿ. ನಮ್ಮ ಅಭಿಪ್ರಾಯದಲ್ಲಿ ಇಡೀ ಪದ್ಧತಿಯಲ್ಲಿ ಹೆಚ್ಚು ಕಲಿಸುವ ಹಂತ ಇದೇ, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ.

ಯಾವ ಚಿತ್ರ? ಜಿಯೋ ಬೇಬಿಯವರ ಮಲಯಾಳಂ ‘ದಿ ಗ್ರೇಟ್ ಇಂಡಿಯನ್ ಕಿಚನ್’ (2021) ಶುರುಮಾಡಲು ಸಲೀಸು. ಸೋರುವ ಸಿಂಕಿನ ಪೈಪು, ಕುಕ್ಕರ್ ಬೇಡ ಒಲೆಯ ಮೇಲಿನ ಅನ್ನವೇ ಬೇಕೆನ್ನುವ ಮಾವ, ಎಲ್ಲ ಗುರುತಿನದೇ. ತೊಡಕೂ ಅದೇ: ಲೆಕ್ಕವನ್ನು ಚಿತ್ರವೇ ಮಾಡಿ ಕೊಟ್ಟಿರುವುದರಿಂದ ನೋಡುವವರಿಗೆ ಹುಡುಕುವ ಕೆಲಸ ಉಳಿಯುವುದಿಲ್ಲ. ಗಿರೀಶ ಕಾಸರವಳ್ಳಿಯವರ ‘ದ್ವೀಪ’ (2002) ಇದಕ್ಕಿಂತ ಗಟ್ಟಿ. ಮುಳುಗುವ ಊರಿನಲ್ಲಿ ಮನೆ ಉಳಿಸಲು ಹೆಣಗುವವಳು ನಾಗಿ, ಕೊನೆಗೆ ಗಂಡ ಶ್ರೇಯಸ್ಸು ಕೊಡುವುದು ದೇವರಿಗೆ. ಆ ಚಿತ್ರಕ್ಕೆಂದೇ ‘ಹೆಸರು ಯಾರಿಗೆ’ ಎಂಬ ಎಂಟನೇ ಕಾಲಂ ಸೇರಿಸಿ. ನಿರುದ್ಯೋಗದ ವಿಷಯಕ್ಕೆ ಸತ್ಯಜಿತ್ ರಾಯ್ ಅವರ ‘ಮಹಾನಗರ’ (1963): ಆರತಿ ಮನೆಮನೆಗೆ ಹೋಗಿ ಹೆಣಿಗೆ ಯಂತ್ರ ಮಾರುತ್ತಾಳೆ, ಗಂಡನ ಬ್ಯಾಂಕು ಮುಳುಗಿ ಅವನು ಖಾಲಿಯಾಗುತ್ತಾನೆ. ಇಲ್ಲಿ ಗುಂಪಿಗೆ ಒಂದೇ ಪ್ರಶ್ನೆ ಕೊಡಿ: ಆರತಿ ಹೊರಗಿರುವ ಹೊತ್ತು ಒಲೆಯ ಮುಂದೆ ಯಾರು, ಗಂಡನ ಕೈಯಲ್ಲಿ ಏನು? ಪಗಾರದ ಕೆಲಸಕ್ಕೆ ನಮ್ಮ ಮಗ್ಗುಲಿನ ನಿಪ್ಪಾಣಿಯ ತಂಬಾಕು ಕೆಲಸಗಾರ್ತಿಯರ ಮೇಲೆ ದೀಪಾ ಧನರಾಜ್ ಇದ್ದ ಯುಗಾಂತರ್ ತಂಡ 1982ರಲ್ಲಿ ಮಾಡಿದ ಸಾಕ್ಷ್ಯಚಿತ್ರವಿದೆ. ಬೇಟಗೇರಿಯ ನೇಕಾರ ಮನೆಗಳ ಹೆಂಗಸರಿಗೆ ತೋರಿಸಲು ಇದಕ್ಕಿಂತ ಹೊಂದುವುದು ಕಡಿಮೆ.

ಶಾಂತಾಲ್ ಆಕರ್‌ಮನ್ ಅವರ ‘ಜೀನ್ ದೀಲ್ಮನ್’ (1975) 201 ನಿಮಿಷದ್ದು. ಬ್ರಸೆಲ್ಸಿನ ವಿಧವೆಯೊಬ್ಬಳ ಮೂರು ದಿನ: ಅಡಿಗೆ, ಹಾಸಿಗೆ, ಸಂತೆ, ಮಧ್ಯಾಹ್ನ ದುಡ್ಡು ಕೊಡುವ ಗಂಡಸರು. ‘ಪೂ’ ಗುರುತು ಸಾಲಾಗಿ ಸಿಗುವುದು ಇದೊಂದರಲ್ಲೇ. ಒಂದೇ ಕೂಟದಲ್ಲಿ ಮುಗಿಸಹೋಗಬೇಡಿ, ಮೂರು ದಿನದ ಕಥೆಯನ್ನು ಮೂರು ವಾರಕ್ಕೆ ಹಂಚಿ. ಒಂದು ದಿನದ ಭಾಗ ಓಡುತ್ತಿರುವಾಗ ಮಾತ್ರ ನಡುವೆ ನಿಲ್ಲಿಸಬೇಡಿ. ಎರಡನೇ ದಿನ ಆಲೂಗಡ್ಡೆ ಬೆಂದು ಕೆಡುತ್ತದೆ, ಅವಳ ಲಯ ತಪ್ಪಿದ್ದು ಗೊತ್ತಾಗಬೇಕಾದರೆ ಅದಕ್ಕೆ ಮುಂಚಿನ ಲಯ ನೋಡುವವರ ಮೈಗೆ ಹತ್ತಿರಬೇಕು.

ಲೆಕ್ಕ ಮುಗಿದ ಮೇಲೆ ಸರ್ಕಾರದ ಅಂಕಿ ಪಕ್ಕದಲ್ಲಿಡುತ್ತೇವೆ. ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡಿದೆವು ಎಂದ ಹೆಂಗಸರು ದಿನಕ್ಕೆ ಅದಕ್ಕಾಗಿ ಕೊಟ್ಟದ್ದು 2019ರಲ್ಲಿ 299 ನಿಮಿಷ, 2024ರಲ್ಲಿ 289. ಗಂಡಸರದ್ದು 97 ಮತ್ತು 88. ಈ ಅಂಕಿ ಮನೆಗೆಲಸ ಮಾಡಿದವರದ್ದು ಮಾತ್ರ, ಎಲ್ಲ ಗಂಡಸರದ್ದಲ್ಲ ಎಂಬುದನ್ನು ಒತ್ತಿ ಹೇಳದಿದ್ದರೆ ‘ಗಂಡಸ್ರೂ ಒಂದೂವರಿ ತಾಸು ಮಾಡ್ತಾರಲ್ಲರಿ’ ಎಂಬ ತಪ್ಪು ಅರ್ಥ ಊರೆಲ್ಲ ಸುತ್ತುತ್ತದೆ.

ಕೊನೆಯ ಆಟ, ಗಣತಿಯವರ ಆಟ. ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂದು ಸರ್ಕಾರ ಎಣಿಸುವ ಶ್ರಮಶಕ್ತಿ ಸಮೀಕ್ಷೆಯಲ್ಲಿ ಪ್ರತಿ ಮನುಷ್ಯನಿಗೂ ಒಂದು ಕೋಡ್ ಇರುತ್ತದೆ: ಮನೆಯ ಧಂದೆಯಲ್ಲಿ ಪಗಾರವಿಲ್ಲದೆ ದುಡಿಯುವವರಿಗೆ 21, ಪಗಾರದ ಕಾಯಂ ಕೆಲಸಕ್ಕೆ 31, ಕೆಲಸ ಹುಡುಕುವವರಿಗೆ 81, ಮನೆಗೆಲಸ ಮಾತ್ರ ಮಾಡುವವರಿಗೆ 92, ಅದರ ಜೊತೆ ಮನೆಬಳಕೆಗೆ ಕಟ್ಟಿಗೆ ತರುವುದು, ಹೊಲಿಗೆ ಇತ್ಯಾದಿ ಮಾಡುವವರಿಗೆ 93. ಚೀಟಿ ಕೊಟ್ಟು ಪಾತ್ರಗಳಿಗೆ ಕೋಡ್ ಹಾಕಿಸಿ. ‘ಮಹಾನಗರ’ದ ಗಂಡನಿಗೆ ಎಲ್ಲರೂ ತಡವಿಲ್ಲದೆ 81 ಬರೆಯುತ್ತಾರೆ. ಮಲಯಾಳಂ ಚಿತ್ರದ ಸೊಸೆಗೆ ಎಲ್ಲರೂ 92 ಬರೆಯುತ್ತಾರೆ. ಆದರೆ ಅವಳು ನೃತ್ಯ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಹಿಂದಿನ ಏಳು ದಿನ ಏನು ಮಾಡಿದಿರಿ ಎಂದು ಸಮೀಕ್ಷೆ ಕೇಳುವ ವಾರದ ಲೆಕ್ಕದಲ್ಲಿ ನೋಡಿದರೆ ಆ ವಾರ ಅವಳೂ 81ಕ್ಕೆ ಬರಬೇಕು. ಆ ದೃಶ್ಯವನ್ನು ಮತ್ತೆ ಹಾಕಿ ಚೀಟಿ ತಿದ್ದಿಸಿ.

ಜೀನ್‌ಳ ಚೀಟಿಗೆ ಬಂದಾಗ ಗುಂಪು ನಿಲ್ಲುತ್ತದೆ. ಭಿಕ್ಷೆ, ವೇಶ್ಯಾವೃತ್ತಿ ಇತ್ಯಾದಿಗೆ ಸಮೀಕ್ಷೆಯ ಕೋಡ್ 97, ಅದು ಶ್ರಮಶಕ್ತಿಯ, ಅಂದರೆ ದುಡಿಯುವವರ ಮತ್ತು ಕೆಲಸ ಹುಡುಕುವವರ ಲೆಕ್ಕದ, ಹೊರಗೆ. ಮನೆಗೆಲಸದ 92ವೂ ಹೊರಗೆ. ಮನೆ ನಡೆಸುವ ದುಡ್ಡು ತರುವ ಕೆಲಸಕ್ಕೆ 97, ಮನೆ ನಡೆಸುವ ಕೆಲಸಕ್ಕೆ 92, ಎರಡರಲ್ಲಿ ಯಾವುದನ್ನು ಬರೆದರೂ ದಿನವಿಡೀ ಕೈ ಬಿಡುವಿಲ್ಲದ ಅವಳು ದುಡಿಯುವವಳಲ್ಲ. ನಮ್ಮ ಹಾಳೆಗಳಲ್ಲಿ ಆ ಸಾಲಿಗೆ ಎರಡೂ ಅಂಕಿ ಇವೆ, ನಡುವೆ ಓರೆ ಗೀಟು ಎಳೆದು.