ಗ್ನುಪ್ಲಾಟ್ ತೆಗೆದೆ, ಬಾಲ ಉಳಿಯಿತು

ನಮ್ಮ ಕಾಫಿ ತೋಟದಲ್ಲಿ ಮಳೆ ಲೆಕ್ಕ ಈಗಲೂ ಇಂಚು, ಸೆಂಟಿನಲ್ಲೇ (ನೂರು ಸೆಂಟಿಗೆ ಒಂದು ಇಂಚು). ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಂತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಯಾವತ್ತು ಬಂತು, ಎಲ್ಲಾ ಚಿಕ್ಕಪ್ಪನ ನೋಟ್‌ಬುಕ್ಕಿನಲ್ಲಿದೆ. ಅದನ್ನೆಲ್ಲ ಹಳೇ ಲ್ಯಾಪ್‌ಟಾಪಿಗೆ ಹತ್ತಿಸಿದ್ದೆ. ಅಂಕಿಗಳಿಂದ ಗ್ರಾಫ್ ಬರೆಯುವ ಗ್ನುಪ್ಲಾಟ್ ಎಂಬ ಪ್ರೋಗ್ರಾಂ ಹಾಕೋಣ ಅಂತ ಉಬುಂಟು ಲಿನಕ್ಸಿನ ಟರ್ಮಿನಲ್‌ನಲ್ಲಿ 'ಸುಡೊ ಆಪ್ಟ್ ಇನ್‌ಸ್ಟಾಲ್ ಗ್ನುಪ್ಲಾಟ್' ಎಂದು ಹೊಡೆದೆ. ಆಪ್ಟ್ ಅಂದರೆ ಪ್ರೋಗ್ರಾಂಗಳನ್ನು ನೆಟ್ಟಿನಿಂದ ಇಳಿಸಿ ಹಾಕುವ, ತೆಗೆಯುವ ಕಮಾಂಡ್. ಜೊತೆಗೆ ಬರುವ ಪ್ಯಾಕೇಜುಗಳ ಉದ್ದದ ಪಟ್ಟಿ ಬಂತು. ಓದದೆ ವೈ (ಹೌದು) ಒತ್ತಿದೆ. ತಪ್ಪಿದ್ದು ಅಲ್ಲೇ.

ಹೊರಗೆ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಮಳೆ. ನೆಟ್ ಬಂದು ಹೋಗಿ ಮಾಡುತ್ತಿತ್ತು. "ಒಂದು ಗೆರೆ ಎಳೆಯೋಕೆ ಇಷ್ಟೊತ್ತು ಬೇಕೇನೋ?" ಎಂದರು ಚಿಕ್ಕಪ್ಪ. ಅಂತೂ ಇಳಿದು ಮುಗಿದು, ಪ್ಯಾಕೇಜುಗಳನ್ನು ಒಂದೊಂದಾಗಿ ಬಿಚ್ಚಿ ಕೂರಿಸುವ ಹೊತ್ತಿಗೆ ಕರೆಂಟು ಹೋಯಿತು. ಬ್ಯಾಟರಿ ಸತ್ತು ಎರಡು ವರ್ಷ ಆಗಿದೆ, ಲ್ಯಾಪ್‌ಟಾಪ್ ಟಪ್ ಅಂತ ಆಫ್.

ಮತ್ತೆ ಹಚ್ಚಿದರೆ ಆಪ್ಟ್ ಯಾವ ಮಾತೂ ಕೇಳುವುದಿಲ್ಲ. ಪ್ಯಾಕೇಜು ಕೂರಿಸುವ ಡಿಪಿಕೆಜಿ ಅರ್ಧಕ್ಕೆ ನಿಂತಿದೆ ಎಂಬ ದೂರು. ಹೆದರಬೇಕಾಗಿಲ್ಲ, ಮದ್ದು ಆ ಸಾಲಿನಲ್ಲೇ ಇರುತ್ತದೆ: 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ'. ಅರ್ಧ ಕೂತಿದ್ದನ್ನು ಅದು ಪೂರ್ತಿ ಕೂರಿಸುತ್ತದೆ. ಆಮೇಲೂ ಏನಾದರೂ ಕೊಸರಿದ್ದರೆ 'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'. ಒಂದೇ ಹೊತ್ತಿಗೆ ಎರಡು ಆಪ್ಟ್ ಓಡದಂತೆ ತಡೆಯುವ ಲಾಕ್ ಫೈಲನ್ನು ಅಳಿಸಿಬಿಡಿ ಅಂತ ಕೆಲವರು ಹೇಳುತ್ತಾರೆ. ನಾನಂತೂ ಅದಕ್ಕೆ ಕೈ ಹಾಕುವುದಿಲ್ಲ. ಬೇರೆ ಅಪ್‌ಡೇಟ್ ಏನೋ ನಡೀತಿರಬಹುದು, ಅಲ್ವಾ?

ಸರಿಯಾದ ಮೇಲೆ ಪಟ್ಟಿ ಓದಿದೆ. ಗ್ರಾಫನ್ನು ಕಿಟಕಿಯಲ್ಲಿ ತೋರಿಸಲು ಕ್ಯೂಟಿ ಲೈಬ್ರರಿಗಳ ದಂಡೇ ಬಂದಿತ್ತು. ನನಗೆ ಬೇಕಾದದ್ದು ಒಂದು ಪಿಎನ್‌ಜಿ ಚಿತ್ರ ಅಷ್ಟೇ. ತೆಗೆಯೋಣ ಅಂತ 'ಸುಡೊ ಆಪ್ಟ್ ರಿಮೂವ್ ಗ್ನುಪ್ಲಾಟ್' ಕೊಟ್ಟರೆ ಡಿಸ್ಕಿನಲ್ಲಿ ಜಾಗವೇ ಖಾಲಿಯಾಗಲಿಲ್ಲ! ಗ್ನುಪ್ಲಾಟ್ ಅನ್ನೋದು ಬರೀ ಹೆಸರಿನ ಚೀಟಿ. ನಿಜವಾದ ಸರಕು ಗ್ನುಪ್ಲಾಟ್-ಕ್ಯೂಟಿ ಎಂಬ ಬೇರೆ ಪ್ಯಾಕೇಜಿನಲ್ಲಿರುತ್ತದೆ. ನಾನು ತೆಗೆದದ್ದು ಚೀಟಿಯನ್ನು. ಹಿಂದೆ ಬಂದವರನ್ನು ಕಳಿಸಲು 'ಸುಡೊ ಆಪ್ಟ್ ಆಟೋರಿಮೂವ್' ಬೇಕು. ಈ ಸಲ ವೈ ಒತ್ತುವ ಮೊದಲು ಒಂದೊಂದೇ ಹೆಸರು ನೋಡಿದೆ. ಅದರಲ್ಲಿ ನಮಗೆ ಬೇಕಾದದ್ದು ಇದ್ದರೆ 'ಆಪ್ಟ್-ಮಾರ್ಕ್ ಮ್ಯಾನ್ಯುವಲ್' ಕೊಟ್ಟು ಉಳಿಸಿಕೊಳ್ಳಬಹುದು. ಈಟಿಸಿ ಫೋಲ್ಡರಿನ ಸೆಟ್ಟಿಂಗ್ ಫೈಲುಗಳೂ ಹೋಗಬೇಕಾದರೆ ರಿಮೂವ್ ಬದಲು ಪರ್ಜ್. ಹೋಮ್ ಫೋಲ್ಡರನ್ನು ಎರಡೂ ಮುಟ್ಟುವುದಿಲ್ಲ. ಮಳೆ ಲೆಕ್ಕ ಸೇಫ್.

ಇದರ ಪುಟ್ಟ ತಮ್ಮನ ಹೆಸರು ಗ್ನುಪ್ಲಾಟ್-ನಾಕ್ಸ್. ಕಿಟಕಿಯ ಸರಂಜಾಮು ಇಲ್ಲದ್ದು. ಮುಂದಿನ ವಾರ ಮಡಿಕೇರಿಯಲ್ಲಿ ಅಕ್ಕನ ಮನೆಗೆ ಹೋದಾಗ ಲ್ಯಾಪ್‌ಟಾಪ್ ಜೊತೆಗಿತ್ತು. ಮೊದಲು 'ಸುಡೊ ಆಪ್ಟ್ ಅಪ್‌ಡೇಟ್', ಆಮೇಲೆ 'ಸುಡೊ ಆಪ್ಟ್ ಇನ್‌ಸ್ಟಾಲ್ -ಡಿ ಗ್ನುಪ್ಲಾಟ್-ನಾಕ್ಸ್'. ಈ -ಡಿ ಇದ್ದರೆ ಬರೀ ಇಳಿಸಿ ಇಡುತ್ತದೆ, ಕೂರಿಸುವುದಿಲ್ಲ. ಮನೆಗೆ ಬಂದು -ಡಿ ಇಲ್ಲದೆ ಅದೇ ಕಮಾಂಡ್ ಕೊಟ್ಟೆ. ನೆಟ್ ಇಲ್ಲದೆಯೇ ಕೂತಿತು. ನಡುವೆ 'ಆಪ್ಟ್ ಕ್ಲೀನ್' ಮಾತ್ರ ಕೊಡಬಾರದು, ಇಳಿಸಿಟ್ಟದ್ದೆಲ್ಲ ಹೋಗುತ್ತದೆ. ನಮ್ಮಂಥ ಕಡೆ ಇರುವವರಿಗೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ.

ಚಿತ್ರ ಮಾಡುವ ಮೊದಲು ಸುಮ್ನೆ 'ಸೆಟ್ ಟರ್ಮಿನಲ್ ಡಂಬ್' ಕೊಟ್ಟೆ. ಅದು ಟರ್ಮಿನಲ್‌ನಲ್ಲೇ ಅಕ್ಷರ, ಚುಕ್ಕಿಗಳಿಂದ ಗ್ರಾಫ್ ಬಿಡಿಸುತ್ತದೆ. ನೋಡಿದರೆ ಜುಲೈಯಲ್ಲಿ ಒಂದೇ ಒಂದು ಕಂಬ, ಉಳಿದ ವರ್ಷವೆಲ್ಲ ನೆಲಕ್ಕೆ ಅಂಟಿಕೊಂಡಿದೆ. ಗ್ನುಪ್ಲಾಟೇ ಕೆಟ್ಟಿದೆ ಅಂದುಕೊಂಡು ಮತ್ತೆ ತೆಗೆಯಲು ಹೊರಟಿದ್ದೆ. ಚಿಕ್ಕಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಒಂದೇ ದಿನ 240 ಇಂಚು ಬಂದಿದ್ರೆ ನಾವು ಇಲ್ಲಿ ಕೂತಿರ್ತಿದ್ವೇನೋ?"

2.40ರ ಚುಕ್ಕಿ ಹಾಕುವುದನ್ನು ನಾನು ಮರೆತಿದ್ದೆ.