ಐಸ್ ಹಾಕಿ ತಂಡಕ್ಕೆ ಊರು ಆರಿಸುವುದು ಹೇಗೆ?

ಕಲಬುರಗಿಯಲ್ಲಿ ಐಸ್ ಹಾಕಿ ಎಂದರೆ ಯಾರಾದರೂ ಮೊದಲು ಬಿಸಿಲಿನ ಮಾತೆತ್ತುತ್ತಾರೆ. ಊರು ಆರಿಸುವವರಿಗೆ ಬಿಸಿಲು ಕೊನೆಯ ಚಿಂತೆ. ಬೇಸಿಗೆಯಲ್ಲಿ ನಮ್ಮಂತೆಯೇ ಕಾಯುವ ಲಾಸ್ ವೇಗಸ್‌ನಲ್ಲಿ 2017ರಿಂದ ಎನ್‌ಎಚ್‌ಎಲ್ (ಅಮೆರಿಕ, ಕೆನಡಾದ ಅಗ್ರ ಐಸ್ ಹಾಕಿ ಲೀಗ್) ತಂಡವಿದೆ. ಗಡಗಡ ನಡುಗಿಸುವ ಕೆನಡಾದ ವಿನಿಪೆಗ್ 1996ರಲ್ಲಿ ತನ್ನ ತಂಡವನ್ನು ಬಿಟ್ಟುಕೊಟ್ಟಿದ್ದು ಬಿಸಿಲೂರು ಫೀನಿಕ್ಸ್‌ಗೆ. ಕುರ್ಚಿ, ಜೇಬು, ದಾರಿ: ನೋಡಬೇಕಾದದ್ದು ಈ ಮೂರು. ಕಲಬುರಗಿ, ಬೀದರ್, ಯಾದಗಿರಿಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕೋಣ.

ಮೊದಲು ಕುರ್ಚಿ

2025-26ರವರೆಗಿನ 82 ಪಂದ್ಯಗಳ ಎನ್‌ಎಚ್‌ಎಲ್ ಋತುವಿನಲ್ಲಿ 41 ಪಂದ್ಯ ತವರಿನಲ್ಲಿ. 17,000 ಕುರ್ಚಿಯ ಅಂಗಣವಾದರೆ ಮಾರಬೇಕಾದ ಟಿಕೆಟ್ 6,97,000. 2011ರ ಜನಗಣತಿಯಲ್ಲಿ ಕಲಬುರಗಿ ನಗರದ ಜನಸಂಖ್ಯೆ 5.33 ಲಕ್ಷ. ತೊಟ್ಟಿಲ ಕೂಸನ್ನೂ ಸೇರಿಸಿ ಊರಿಗೆ ಊರೇ ಒಂದು ಸಲ ಬಂದರೂ ಕುರ್ಚಿ ಉಳಿಯುತ್ತವೆ.

ಹಾಗಾಗಿ ಎರಡನೇ ದರ್ಜೆಯ ಲೀಗ್ ಹಿಡಿಯಿರಿ: ತವರಿನಲ್ಲಿ 36 ಪಂದ್ಯ, 5,000 ಕುರ್ಚಿ, ಒಟ್ಟು 1,80,000 ಟಿಕೆಟ್. ಕಲಬುರಗಿಯಲ್ಲಿ ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆ ಬಂದರೆ ಸಾಕು. ಎರಡು ಲಕ್ಷ ದಾಟಿದ ಬೀದರಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಬರಬೇಕು. 75,000ಕ್ಕಿಂತ ಕಡಿಮೆ ಇರುವ ಯಾದಗಿರಿಯಲ್ಲಿ ಪ್ರತಿಯೊಬ್ಬರೂ ಎರಡು ಸಲಕ್ಕಿಂತ ಹೆಚ್ಚು. ಯಾದಗಿರಿ ಇಲ್ಲಿಗೇ ಬಿತ್ತು. ಈ ಲೆಕ್ಕವನ್ನು ಭಾನುವಾರದ ಗದ್ದಲ ನೋಡಿ ಹಾಕಬಾರದು, ಮಂಗಳವಾರ ರಾತ್ರಿ ಏಳಕ್ಕೆ ಯಾರು ಬರುತ್ತಾರೆ ಎಂದು ಕೇಳಿಕೊಂಡು ಹಾಕಬೇಕು.

ಮಾತಲ್ಲ, ಮುಂಗಡ

‘ಬರ್ತೀವಿ ಬಿಡ್ರಿ’ ಎಂದವರನ್ನು ಎಣಿಸಬೇಡಿ. ಸಿಯಾಟಲ್‌ನಲ್ಲಿ 2018ರ ಮಾರ್ಚ್ 1ರಂದು ತಂಡಕ್ಕೆ ಹೆಸರೂ ಇರಲಿಲ್ಲ. ಆದರೂ ಇಡೀ ಋತುವಿನ ಟಿಕೆಟ್‌ಗೆ 500 ಡಾಲರಿನಿಂದ ಮೇಲೆ ಮುಂಗಡ ಕೇಳಿದರು. 12 ನಿಮಿಷದಲ್ಲಿ 10,000 ಜನ ಕಟ್ಟಿದರು. ನಮ್ಮ 5,000 ಕುರ್ಚಿಗೆ ಕನಿಷ್ಠ 2,500 ಮುಂಗಡ ಬರದಿದ್ದರೆ ಅಲ್ಲಿಗೇ ನಿಲ್ಲಿಸುವುದು ಲೇಸು.

ಕೇಳುವ ಕಾಲವೂ ಮುಖ್ಯ. ಹಾಕಿ ಋತು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಅಕ್ಟೋಬರ್‌ನಲ್ಲಿ ತೊಗರಿ ಇನ್ನೂ ಹೊಲದಲ್ಲಿರುತ್ತದೆ, ರೈತನ ಕೈ ಬರಿದು. ರಾಶಿಯಾಗಿ ಮಾಲು ಮಾರಾಟವಾದ ಮೇಲೆ, ಅಂದರೆ ಫೆಬ್ರುವರಿ ಸುಮಾರಿಗೆ, ಮುಂದಿನ ಋತುವಿನ ಮುಂಗಡ ಕೇಳಿ.

ಅಂಗಣ ಎಲ್ಲಿ, ನೋಡುಗ ಎಲ್ಲಿ

ಇಲ್ಲಿ ತಪ್ಪಿದರೆ ಮಿಕ್ಕಿದ್ದೆಲ್ಲ ದಂಡ. ಫೀನಿಕ್ಸ್ ತಂಡಕ್ಕೆ 2003ರಲ್ಲಿ ಗ್ಲೆಂಡೇಲ್‌ನಲ್ಲಿ ಅಂಗಣ ಸಿಕ್ಕಿತು. ಅದು ಫೀನಿಕ್ಸ್‌ನ ಪಶ್ಚಿಮ ಅಂಚಿನ ಊರು. ಟಿಕೆಟ್ ಕೊಳ್ಳುವವರಲ್ಲಿ ಬಹಳಷ್ಟು ಮಂದಿ ಇದ್ದದ್ದು ಪೂರ್ವಕ್ಕೆ. ಕೆಲಸ ಮುಗಿಸಿ, ಸಂಜೆಯ ದಟ್ಟಣೆಯಲ್ಲಿ ಊರು ದಾಟಿ ಬರುವುದು ವಾರದ ದಿನ ಆಗದ ಮಾತು. ಕೊನೆಗೆ ಗ್ಲೆಂಡೇಲ್ ನಗರಾಡಳಿತ 2022ರ ಆಚೆಗೆ ಬಾಡಿಗೆ ಕರಾರು ಮುಂದುವರಿಸಲಿಲ್ಲ. ಸುಮಾರು 4,600 ಕುರ್ಚಿಯ ವಿಶ್ವವಿದ್ಯಾಲಯದ ಅಂಗಣದಲ್ಲಿ ಎರಡು ಋತು ಆಡಿದರು. 2023ರಲ್ಲಿ ಫೀನಿಕ್ಸ್ ಪಕ್ಕದ ಟೆಂಪಿ ಊರಿನ ಮತದಾರರು ಹೊಸ ಅಂಗಣಕ್ಕೆ ಒಲ್ಲೆ ಎಂದರು. 2024ರಲ್ಲಿ ಆಟಗಾರರೆಲ್ಲ ಸಾಲ್ಟ್ ಲೇಕ್ ಸಿಟಿ ಸೇರಿದರು.

ಆಟ 60 ನಿಮಿಷದ್ದಾದರೂ ವಿರಾಮ ಸೇರಿ ಎರಡೂವರೆ ಗಂಟೆ. ಏಳಕ್ಕೆ ಶುರುವಾದರೆ ಒಂಬತ್ತೂವರೆ. ಆಳಂದ, ಜೇವರ್ಗಿ, ಚಿತ್ತಾಪುರದವರು ಆಮೇಲೆ ಊರು ಸೇರಬೇಕು. ರಿಂಗ್ ರಸ್ತೆಯಾಚೆ ಜಾಗ ಅಗ್ಗ ಎಂದು ಅಲ್ಲಿ ಕಟ್ಟಿದರೆ, ಬಸ್ ನಿಲ್ದಾಣದವರೆಗಿನ ಆಟೋ ಬಾಡಿಗೆಯನ್ನು ನೋಡುಗ ಟಿಕೆಟ್‌ಗೇ ಸೇರಿಸಿ ಲೆಕ್ಕ ಹಾಕುತ್ತಾನೆ. ಪಂದ್ಯ ಮುಗಿದ ಮೇಲೆ ತಾಲ್ಲೂಕುಗಳಿಗೆ ಬಸ್ ಬಿಡುವ ಒಪ್ಪಂದ, ಜಾಗದ ಖರೀದಿಗೆ ಮುಂಚೆಯೇ ಆಗಬೇಕು.

ಎನ್‌ಎಚ್‌ಎಲ್‌ನಲ್ಲಿ ತಂಡದ ಹಕ್ಕಿನ ಪ್ರದೇಶ ಊರಿನ ಗಡಿಯಿಂದ 50 ಮೈಲು, ಅಂದರೆ 80 ಕಿಲೋಮೀಟರ್. ಅದೇ ನಿಯಮ ಇಲ್ಲಿಗೂ ಬಂದರೆ ಯಾದಗಿರಿ ಕಲಬುರಗಿಯ ತೆಕ್ಕೆಗೆ ಬೀಳುತ್ತದೆ, ಬೀದರ್ ಹೊರಗುಳಿಯುತ್ತದೆ. ನಾಳೆ ಹೈದರಾಬಾದಿನಲ್ಲೊಂದು ತಂಡ ಹುಟ್ಟಿದರೆ ಬೀದರಿನ ನೋಡುಗ ಅತ್ತ ತಿರುಗುವ ಸಂಭವವೇ ಹೆಚ್ಚು. ಬೀದರನ್ನು ನಂಬಿ ಕಲಬುರಗಿಯ ಕುರ್ಚಿ ಹೆಚ್ಚಿಸಬೇಡಿ.

ಕೊನೆಗೆ ನೆಲ, ನೀರು

ರಿಂಕ್, ಅಂದರೆ ಆಡುವ ಮಂಜಿನ ನೆಲ, 200 ಅಡಿ ಉದ್ದ, 85 ಅಡಿ ಅಗಲ. ಮಂಜುಗಡ್ಡೆ ಒಂದು ಇಂಚಿನಷ್ಟೇ ದಪ್ಪ. ಅದಕ್ಕೆ ಸುಮಾರು 40,000 ಲೀಟರ್ ನೀರು, ಅಂದರೆ 5,000 ಲೀಟರಿನ ಎಂಟು ಟ್ಯಾಂಕರ್. ನೀರನ್ನು ಒಮ್ಮೆಲೇ ಸುರಿಯಬಾರದು. ತೆಳುವಾಗಿ ಸಿಂಪಡಿಸಿ, ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಬೋರ್‌ವೆಲ್ಲಿನ ಗಡಸು ನೀರು ಬಳಸಿದರೆ ಗಡ್ಡೆ ಮಸುಕಾಗುತ್ತದೆ, ಬೇಗ ಮೆತ್ತಗಾಗುತ್ತದೆ. ಆರ್‌ಒ ಘಟಕ ಬೇಕೇ ಬೇಕು.

ನಮ್ಮಲ್ಲಿ ನಿಜವಾಗಿ ಕಾಡುವುದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಕಾಂಕ್ರೀಟಿನೊಳಗೆ ತಂಪು ದ್ರವ ಹರಿಯುವ ಕೊಳವೆಗಳಿರುತ್ತವೆ, ನೆಲ ಅಲುಗಿದರೆ ಅವು ಸೀಳುತ್ತವೆ. ಎರೆಮಣ್ಣು ತೆಗೆಸಿ ಮುರುಮು ತುಂಬಿಸಿ, ದಿಮ್ಮಿಸಿ. ಮೇಲೆ ಶಾಖ ನಿರೋಧಕ ಹಾಸು. ಅದರ ಕೆಳಗೊಂದು ಬಿಸಿ ಕೊಳವೆಯ ಸಾಲು, ಇಲ್ಲದಿದ್ದರೆ ವರ್ಷಗಟ್ಟಲೆ ಇಳಿಯುವ ತಂಪಿಗೆ ಮಣ್ಣಿನ ತೇವವೇ ಹೆಪ್ಪುಗಟ್ಟಿ ನೆಲವನ್ನು ಮೇಲಕ್ಕೆತ್ತುತ್ತದೆ. ಗುತ್ತಿಗೆದಾರರು ಖರ್ಚು ಉಳಿಸಲು ಮೊದಲು ಕೈಬಿಡುವುದು ಈ ಸಾಲನ್ನೇ, ಬಿಸಿಲ ನಾಡಿನಲ್ಲಿ ನೆಲಕ್ಕೆ ಬಿಸಿ ಯಾಕೆ ಎಂದುಕೊಂಡು.